ಗುಳಿಗೆ ಪುಕ್ಕಟೆ, ಹೇಳ್ಕೊಳ್ಳೋದು ತುಟ್ಟಿ

ಡಿಸೆಂಬರ್ 1 ಬಂತಂದ್ರೆ ಎಲ್ಲ ಸುದ್ದಿಮನೆಗಳಲ್ಲೂ ಕೆಂಪು ರಿಬ್ಬನ್ನಿನ ಗ್ರಾಫಿಕ್ಸ್ ಹೊರಗೆ ಬರುತ್ತೆ. ಶಾಲಾ ಮಕ್ಕಳ ಜಾಥಾ, ಜಿಲ್ಲಾಧಿಕಾರಿಗಳಿಂದ ಹಸಿರು ನಿಶಾನೆ, ಆರೋಗ್ಯಾಧಿಕಾರಿಗಳ ಎರಡು ಮಾತು. ಒಂದೂವರೆ ನಿಮಿಷದ ಸುದ್ದಿ, ಆಮೇಲೆ ಹವಾಮಾನ. ಆ ಒಂದೂವರೆ ನಿಮಿಷದಲ್ಲಿ ಯಾವತ್ತೂ ಬಾರದ ಜನ ಒಂದಿಷ್ಟಿದ್ದಾರೆ. ಗಂಡಸರ ಜೊತೆ ಸಂಬಂಧ ಇಟ್ಟುಕೊಂಡಿರುವ ಗಂಡಸರು. ಅವರಲ್ಲಿ ಅನೇಕರಿಗೆ ಮದುವೆಯಾಗಿದೆ, ಮಕ್ಕಳಿದ್ದಾರೆ, ಹೊಲ ಇದೆ, ಊರಲ್ಲಿ ಹೆಸರಿದೆ. ಇವತ್ತಿನ ಮಾತು ಅವರದ್ದು. ಮನೇಲಿ ಮಕ್ಕಳು ಟಿವಿ ಮುಂದೆ ಕೂತಿದ್ರೆ ಕೂತಿರಲಿ, ಕೇಳಬಾರದ್ದು ಇದರಲ್ಲಿ ಏನೂ ಇಲ್ಲ.

ಮೊದಲು ಅಮೆರಿಕದ ಲೆಕ್ಕ ಹೇಳ್ತೀನಿ. ಎಚ್‌ಐವಿಗೆ ಜಗತ್ತಿನಲ್ಲೇ ಅತಿ ಹೆಚ್ಚು ದುಡ್ಡು ಸುರಿದ ದೇಶ ಅದು. ಅಲ್ಲಿ ಒಟ್ಟಾರೆ ಹೊಸ ಸೋಂಕು ಕಡಿಮೆಯಾಗ್ತಿದೆ. ಆದರೆ ಮೆಕ್ಸಿಕೊ, ಪೋರ್ಟೊರಿಕೊ, ಮಧ್ಯ ಅಮೆರಿಕದ ಮೂಲದ ಹಿಸ್ಪಾನಿಕ್ ಸಮುದಾಯದಲ್ಲಿ ಮಾತ್ರ ಇಳಿಯುತ್ತಿಲ್ಲ. ಜನಸಂಖ್ಯೆಯಲ್ಲಿ ಅವರು ಹೆಚ್ಚುಕಡಿಮೆ ಐದನೇ ಒಂದು ಪಾಲು. 2022ರ ಹೊಸ ಸೋಂಕುಗಳಲ್ಲಿ ಅವರದು ಮೂರನೇ ಒಂದು ಪಾಲು. ಅದರಲ್ಲೂ ಬಹುಪಾಲು ಸಲಿಂಗಿ ಮತ್ತು ದ್ವಿಲಿಂಗಿ ಗಂಡಸರು. ಔಷಧ ಇಲ್ಲ ಅಂತಲ್ಲ. ವಿಮೆ ಇಲ್ಲ, ಕಾಗದಪತ್ರ ಸರಿಯಿಲ್ಲ, ಆಸ್ಪತ್ರೆಯವರ ಮಾತು ಅರ್ಥವಾಗಲ್ಲ, ಮನೇಲಿ ಗೊತ್ತಾದರೆ ಹೊರಗೆ ಹಾಕ್ತಾರೆ. ಹಾಗಾಗಿ ಪರೀಕ್ಷೆಗೇ ಬರಲ್ಲ, ಬಂದವರು ಚಿಕಿತ್ಸೆಯಲ್ಲಿ ನಿಲ್ಲಲ್ಲ.

ಈಗ ಅಲ್ಲಿಂದ ಸೀದಾ ನರೋಣಾಕ್ಕೆ ಬನ್ನಿ. ಕಲಬುರಗಿ ಜಿಲ್ಲೆ, ಆಳಂದ ತಾಲೂಕು. ತೊಗರಿಯ ಸೀಮೆ. ಮಳೆ ಬಂದರೆ ಬೆಳೆ, ಬರದಿದ್ದರೆ ಗುಳೆ. ಆಳಂದ ಇರಲಿ, ಅಫಜಲಪುರ ಇರಲಿ, ಜೇವರ್ಗಿ ಇರಲಿ, ರಾಶಿ ಮುಗಿದ ಮೇಲೆ ಜನ ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರಿನ ಕಡೆ ಮುಖ ಮಾಡ್ತಾರೆ. ಕಟ್ಟಡದ ಕೆಲಸ, ಕಬ್ಬು ಕಡಿಯೋದು, ಹೋಟೆಲು, ಸೆಕ್ಯುರಿಟಿ.

ಅಂಥ ಊರಿನ ಒಬ್ಬ ಮೂವತ್ತು ವರ್ಷದ ಗಂಡಸನ್ನ ಸುಮ್ಮನೆ ಊಹಿಸಿಕೊಳ್ಳಿ. ಇಂಥವನೇ ಅಂತ ಯಾರನ್ನೂ ಬೊಟ್ಟು ಮಾಡ್ತಿಲ್ಲ. ಹದಿನೆಂಟಕ್ಕೆ ಪುಣೆಗೆ ಹೋದ. ಇಪ್ಪತ್ತೈದಕ್ಕೆ ಮನೆಯವರು ಅಕ್ಕನ ಮಗಳನ್ನ ತಂದು ಮದುವೆ ಮಾಡಿದರು. ತನ್ನ ಮನಸ್ಸು ಎತ್ತ ಕಡೆ ಇದೆ ಅನ್ನೋದು ಅವನಿಗೆ ಹದಿನಾಲ್ಕಕ್ಕೇ ಗೊತ್ತಿತ್ತು, ಆದರೆ ಅದಕ್ಕೆ ಹೆಸರಿಲ್ಲ. ನೋಡಿ, ಇದು ಸಣ್ಣ ವಿಷಯವಲ್ಲ. ನಮ್ಮ ಆಡುಮಾತಿನಲ್ಲಿ ಈ ಗಂಡಸಿಗೆ ಇರೋ ಪದಗಳೆಲ್ಲ ಬೈಗುಳಗಳೇ. ಪೇಪರಿನವರ ‘ಸಲಿಂಗಕಾಮಿ’ ಕೇಳಿದರೆ ಏನೋ ಅಪರಾಧ ಅನ್ನಿಸುತ್ತೆ. ಸಂಘಟನೆಗಳ ‘ಲೈಂಗಿಕ ಅಲ್ಪಸಂಖ್ಯಾತ’ ಭಾಷಣಕ್ಕೆ ಸರಿ. ಕೆಲಸಗಾರರ ಒಳಮಾತಿನಲ್ಲಿ ಕೋಥಿ, ಪಂಥಿ, ಡಬಲ್ ಡೆಕ್ಕರ್ ಅಂತೆಲ್ಲ ಇದೆ. ಆದರೆ ನರೋಣಾದ ಈ ಮನುಷ್ಯ ತನ್ನನ್ನು ಅದರಲ್ಲಿ ಯಾವುದು ಅಂತಲೂ ಅಂದುಕೊಂಡಿಲ್ಲ. ಅವನು ಗಂಡ, ಅಪ್ಪ, ಮಗ. ಮಿಕ್ಕಿದ್ದು ಪುಣೆಯಲ್ಲಿ ನಡೆಯುತ್ತೆ, ಪುಣೆಯಲ್ಲೇ ಇರುತ್ತೆ.

ಸೋಂಕು ಮಾತ್ರ ಪುಣೆಯಲ್ಲೇ ಇರೋದಿಲ್ಲ.

ಗಂಡಸರ ನಡುವೆ ಇದು ಯಾಕೆ ಹೆಚ್ಚು? ಇದು ಶಾಪವೂ ಅಲ್ಲ, ಚಾರಿತ್ರ್ಯದ ಪ್ರಶ್ನೆಯೂ ಅಲ್ಲ, ಚರ್ಮದ ಪ್ರಶ್ನೆ. ಗುದದ ಒಳಪದರ ಬಹಳ ತೆಳು, ಬೇಗ ಗಾಯವಾಗುತ್ತೆ, ವೈರಸ್ಸಿಗೆ ಬೇಕಾದ ಜೀವಕೋಶಗಳು ಅಲ್ಲೇ ಸಿಗ್ತವೆ. ಕಾಂಡೋಮ್ ಇಲ್ಲದಿದ್ದರೆ ಹೆಣ್ಣು ಗಂಡಿನ ಸಂಪರ್ಕಕ್ಕಿಂತ ಅಪಾಯ ಹಲವು ಪಟ್ಟು ಜಾಸ್ತಿ. ಜೊತೆಗೆ ಈ ಬಳಗ ಚಿಕ್ಕದು, ಒಬ್ಬರಿಗೊಬ್ಬರು ಸೇರಿಕೊಂಡ ಜಾಲ. ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 2017ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸೋಂಕು ನೂರಕ್ಕೆ 0.22 ಅಂದಾಜಾಗಿತ್ತು. ಗಂಡಸರ ಜೊತೆ ಸಂಪರ್ಕವಿರುವ ಗಂಡಸರಲ್ಲಿ 2.69. ಹನ್ನೆರಡು ಪಟ್ಟು. ಇದೂ ಕಾರ್ಯಕರ್ತರ ಕೈಗೆ ಸಿಕ್ಕ ಗಂಡಸರ ಲೆಕ್ಕ. ಕೈಗೆ ಸಿಗದವರನ್ನ ಯಾರು ಎಣಿಸಿದ್ದಾರೆ?

ಈಗ ಒಳ್ಳೆ ಸುದ್ದಿ, ಯಾಕಂದ್ರೆ ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಎಚ್‌ಐವಿ ಔಷಧವನ್ನು ಪುಕ್ಕಟೆ ಕೊಡ್ತಿದೆ. ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಸಿಡಿ4 ಎಣಿಕೆ ತೀರಾ ಕೆಳಗಿಳಿಯೋ ತನಕ ಕಾಯಬೇಕಿತ್ತು. 2017ರಿಂದ ಆ ಕಾಯುವಿಕೆ ಇಲ್ಲ. ಪಾಸಿಟಿವ್ ಅಂದ ಕೂಡಲೇ ಔಷಧ. ಹಿಂದೆ ಕೈತುಂಬ ಗುಳಿಗೆ, ತಲೆಸುತ್ತು, ಕೆಟ್ಟ ಕನಸು. ಈಗ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆಯೂ 2018ರಿಂದ ಉಚಿತ. ಈ ಗುಳಿಗೆ ಅಗ್ಗವಾಗಿದ್ದರ ಹಿಂದೆ ನಮ್ಮವರದೇ ಕೈ ಇದೆ. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗೂ ಕಮ್ಮಿ ಬೆಲೆಗೆ ಮೂರು ಔಷಧ ಕೊಡ್ತೀನಿ ಅಂದಾಗ ಜಗತ್ತಿನ ದೊಡ್ಡ ಕಂಪನಿಗಳಿಗೆ ಬೆವರಿಳಿದಿತ್ತು.

ಇನ್ನೊಂದು ಮಾತು. ಗುಳಿಗೆ ಬಿಡದೆ ತಗೊಂಡು, ವೈರಸ್ ಪರೀಕ್ಷೆಯಲ್ಲಿ ಕಾಣಸಿಗದಷ್ಟು ಇಳಿದು, ಹಾಗೇ ಉಳಿದರೆ ಆ ವ್ಯಕ್ತಿಯಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ದಾಟೋದಿಲ್ಲ. ಕಮ್ಮಿ ದಾಟುತ್ತೆ ಅಂತಲ್ಲ, ದಾಟೋದಿಲ್ಲ. ಯುರೋಪಿನಲ್ಲಿ 782 ಪುರುಷ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಪ್ರತಿ ಜೋಡಿಯಲ್ಲೂ ಒಬ್ಬನಿಗೆ ಸೋಂಕು, ಅವನು ಚಿಕಿತ್ಸೆಯಲ್ಲಿದ್ದಾನೆ, ಇನ್ನೊಬ್ಬನಿಗೆ ಸೋಂಕಿಲ್ಲ. ಕಾಂಡೋಮ್ ಬಳಸದಿದ್ದರೂ ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಬಂದ ಸೋಂಕು ಒಂದೂ ಇರಲಿಲ್ಲ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು. ಅಂದರೆ ಗುಳಿಗೆ ತಗೊಳ್ಳುವವನು ತನ್ನನ್ನು ಮಾತ್ರವಲ್ಲ, ಹೆಂಡತಿಯನ್ನೂ ಕಾಯ್ತಾನೆ.

ಔಷಧ ಇದೆ, ಪುಕ್ಕಟೆ ಇದೆ, ಕೆಲಸ ಮಾಡುತ್ತೆ. ಹಾಗಾದ್ರೆ ಕೊರತೆ ಎಲ್ಲಿದೆ?

ಮೊದಲನೇ ಕೊರತೆ ಬಾಗಿಲಲ್ಲೇ ಇದೆ. ಪರೀಕ್ಷೆ ಮಾಡೋದು ಐಸಿಟಿಸಿ ಅನ್ನೋ ಕೇಂದ್ರದಲ್ಲಿ. ತಾಲೂಕು ಆಸ್ಪತ್ರೆಗಳಲ್ಲಿ ಇರುತ್ತೆ. ಪರೀಕ್ಷೆಗೆ ಮೊದಲು ಮಾತು, ನಂತರವೂ ಮಾತು, ಎಲ್ಲ ಗುಟ್ಟಾಗಿ. ನಿಯಮ ಚೆನ್ನಾಗಿದೆ. ಆದರೆ ತಾಲೂಕು ಆಸ್ಪತ್ರೆಯ ಓಣಿಯಲ್ಲಿ ಆ ಬೋರ್ಡಿನ ಕೆಳಗಿನ ಬೆಂಚಿನ ಮೇಲೆ ಕೂತವನನ್ನ ಊರವರೊಬ್ಬರು ನೋಡಿದರೆ ಸಾಕು. “ಏನಪಾ ತಮ್ಮಾ, ಇಲ್ಲ್ಯಾಕ ಕುಂತೀದಿ?” ಅನ್ನೋ ಒಂದು ಪ್ರಶ್ನೆಗೆ ಉತ್ತರ ಇಲ್ಲ. ಹಾಗಾಗಿ ಅವನು ಬರಲ್ಲ. ಜ್ವರ ಬಂದರೆ ಖಾಸಗಿ ಡಾಕ್ಟರ ಹತ್ರ ಇಂಜೆಕ್ಷನ್ನು, ತೂಕ ಇಳಿದರೆ ದೇವರಿಗೆ ಹರಕೆ. ಔಷಧ ಇಲ್ಲದಿದ್ದರೂ ಎಚ್‌ಐವಿ ಏಡ್ಸ್ ಆಗೋಕೆ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬೇಕು. ಆ ಎಂಟು ಹತ್ತು ವರ್ಷ ಆಳು ಗಟ್ಟಿಯಾಗೇ ಕಾಣ್ತಾನೆ. ಅವನು ಆಸ್ಪತ್ರೆಗೆ ಬರೋದು ಕ್ಷಯ ಹಿಡಿದ ಮೇಲೆ.

ಎಷ್ಟೋ ಮನೆಗಳಲ್ಲಿ ಮೊದಲು ಗೊತ್ತಾಗೋದು ಹೆಂಡತಿಗೆ. ಯಾಕೆ? ಗರ್ಭಿಣಿಯರಿಗೆಲ್ಲ ತಾಯಿ ಕಾರ್ಡಿನ ಜೊತೆಗೇ ಎಚ್‌ಐವಿ ಪರೀಕ್ಷೆ ಮಾಡ್ತಾರೆ. ಮಗುವಿಗೆ ದಾಟದಂತೆ ತಡೆಯೋಕೆ ಇದು ಬಹಳ ಒಳ್ಳೆ ಏರ್ಪಾಡು. ಆದರೆ ಪರಿಣಾಮ ನೋಡಿ. ಊರು ಬಿಟ್ಟು ಹೋಗದ ಹೆಣ್ಣುಮಗಳು ಪಾಸಿಟಿವ್, ಪುಣೆಯಲ್ಲಿರುವ ಗಂಡನಿಗೆ ಇನ್ನೂ ಪರೀಕ್ಷೆಯೇ ಆಗಿಲ್ಲ. ಅತ್ತೆ ಅಂತಾಳೆ, “ನಮ್ಮ ಹುಡುಗ ಹಂತಾವನಲ್ಲ, ಇಕಿನೇ ತಂದಾಳ.” ಮೊದಲು ಗೊತ್ತಾದವಳೇ ಮೊದಲ ಅಪರಾಧಿ. ಈ ಅನ್ಯಾಯದ ಬಗ್ಗೆ ಮಾತಾಡದೆ ಗಂಡಸಿನ ಗುಟ್ಟಿನ ಬಗ್ಗೆ ಮಾತ್ರ ಮರುಗಿದರೆ ನನ್ನ ಮಾತು ಅರ್ಧವಾಗುತ್ತೆ.

ಎರಡನೇ ಕೊರತೆ ಫಾರ್ಮಿನಲ್ಲಿದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. ಪಾಸಿಟಿವ್ ಬಂದ ಗಂಡಸನ್ನ ಆಪ್ತಸಮಾಲೋಚಕರು ಕೇಳ್ತಾರೆ, ಹೇಗೆ ಬಂದಿರಬಹುದು ಅಂತ. ಅವನ ಮುಂದೆ ಇರುವ ಆಯ್ಕೆಗಳೇನು? “ಮುಂಬಯಿಗೆ ಹೋಗಿದ್ದೆರಿ, ಅಲ್ಲಿ ಒಂದ್ ಹೆಣ್ಣಮಗಳ ಹಂತ್ಯಾಕ ಹೋಗಿದ್ದೆ” ಅಂದರೆ ತಪ್ಪು, ಆದರೆ ಗಂಡಸಿನ ತಪ್ಪು. ಊರು ಮಾಫ್ ಮಾಡುತ್ತೆ. ನಿಜ ಹೇಳಿದರೆ ಮಾಫಿಲ್ಲ. ಹಾಗಾಗಿ ಅವನು ಇಲ್ಲದ ಆ ಹೆಣ್ಣಿನ ಕಥೆ ಹೇಳ್ತಾನೆ. ಫಾರ್ಮಿನಲ್ಲಿ ‘ಗಂಡು–ಹೆಣ್ಣು ಸಂಪರ್ಕ’ ಅಂತ ಟಿಕ್ ಬೀಳುತ್ತೆ. ಅಂಥ ಟಿಕ್‌ಗಳೆಲ್ಲ ಸೇರಿ ಅಂಕಿಅಂಶ ಆಗುತ್ತೆ. ಅಂಕಿಅಂಶ ನೋಡಿ ಯೋಜನೆ ಆಗುತ್ತೆ. ಯೋಜನೆ ನೋಡಿ ದುಡ್ಡು. ‘ನಮ್ಮ ತಾಲೂಕಲ್ಲಿ ಅಂಥವರು ಯಾರೂ ಇಲ್ಲ’ ಅಂತ ಅಧಿಕಾರಿ ಹೇಳಿದರೆ ಅವರು ಸುಳ್ಳು ಹೇಳ್ತಿಲ್ಲ. ಅವರ ಕಾಗದದಲ್ಲಿ ನಿಜಕ್ಕೂ ಇಲ್ಲ.

ಟಿಕ್ ತಪ್ಪಾದರೆ ಚಿಕಿತ್ಸೆಯೂ ಅಷ್ಟಕ್ಕೇ ನಿಲ್ಲುತ್ತೆ. ಅವನಿಗೆ ಹೇಳೋ ಬುದ್ಧಿವಾದ ಎಲ್ಲ ಹೆಂಡತಿ ಮತ್ತು ‘ಬೇರೆ ಹೆಂಗಸರ’ ಬಗ್ಗೆ. ಗುದದ್ವಾರದಲ್ಲಿ ಬರೋ ಸಿಫಿಲಿಸ್, ಗೊನೊರಿಯಾ ಯಾರೂ ನೋಡಲ್ಲ, ಯಾಕಂದ್ರೆ ಯಾರೂ ಕೇಳಿಲ್ಲ. ಕಾಂಡೋಮಿನ ಜೊತೆ ನೀರಿನಂಶದ ಜಾರುಕ ಬಳಸದೆ ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಂಡೋಮ್ ಹರಿಯುತ್ತೆ ಅನ್ನೋ ಸಾದಾ ಮಾತು ಕೂಡ ಅವನ ಕಿವಿಗೆ ಬೀಳಲ್ಲ. ಅವನ ಪುಣೆಯ ಗೆಳೆಯನನ್ನು ಪರೀಕ್ಷೆಗೆ ಕರೆಸಿ ಅನ್ನೋರೂ ಇಲ್ಲ.

ಕೆಲಸ ಆಗೇ ಇಲ್ಲ ಅಂತಲ್ಲ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಬಂದ ಮೇಲೆ ಕರ್ನಾಟಕದಲ್ಲಿ ದೊಡ್ಡ ಕೆಲಸವೇ ಆಯ್ತು. ಅದೇ ವರ್ಷ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಅದಕ್ಕೂ ಮುಂಚಿನಿಂದ ಬೆಂಗಳೂರಲ್ಲಿ ಇದ್ದ ಸಂಗಮ, ಇವರೆಲ್ಲ ಸಮುದಾಯದವರನ್ನೇ ಕಾರ್ಯಕರ್ತರನ್ನಾಗಿ ಮಾಡಿದರು. ಕ್ರಮೇಣ ಆವಾಹನ್ ಸರ್ಕಾರದ ಕೈಗೆ ಬಂತು. ಈಗ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಮಾಡಿಸುತ್ತೆ. ಕಾಂಡೋಮ್, ಆರು ತಿಂಗಳಿಗೊಮ್ಮೆ ಪರೀಕ್ಷೆ, ಜೊತೆಗಾರನೊಬ್ಬ ಮಾತಾಡೋಕೆ. ಆದರೆ ಈ ಏರ್ಪಾಡು ನಿಂತಿರೋದು ‘ಜಾಗ’ದ ಮೇಲೆ. ಬಸ್ ಸ್ಟ್ಯಾಂಡು, ಪಾರ್ಕು, ಕೆರೆ ಏರಿ, ಇಂಥ ಕಡೆ ಇಂತಿಷ್ಟು ಜನ ಸೇರ್ತಾರೆ ಅಂದರೆ ಮಾತ್ರ ಅಲ್ಲಿ ಕಾರ್ಯಕರ್ತ. ಈಗ ಜಾಗ ಎಲ್ಲಿದೆ? ಮೊಬೈಲಿನಲ್ಲಿದೆ. ಮೂವತ್ತು ಹಳ್ಳಿಯಲ್ಲಿ ಒಬ್ಬೊಬ್ಬರಂತೆ ಹರಡಿದವರ ಹತ್ರ ಯಾರು ಹೋಗ್ತಾರೆ?

ಉತ್ತರ ಕರ್ನಾಟಕಕ್ಕೆ ಇನ್ನೊಂದು ಕಾರಣವೂ ಇದೆ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ಸಾಮಾನ್ಯ ಜನರಲ್ಲೇ ನೂರಕ್ಕೆ ಸುಮಾರು ಮೂರು ಮಂದಿಗೆ ಸೋಂಕು ಸಿಕ್ಕಿ ಎಲ್ಲರೂ ಬೆಚ್ಚಿಬಿದ್ದರು. ಆಗ ಎಲ್ಲರ ಕಣ್ಣು ದೇವದಾಸಿ ಪದ್ಧತಿಯ ಮೇಲೆ, ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ಮೇಲೆ ನಿಂತಿತು. ನಿಲ್ಲಲೇಬೇಕಿತ್ತು. ಸೀರೆ ಉಟ್ಟ ಜೋಗಪ್ಪಂದಿರು ಕಣ್ಣಿಗೆ ಕಾಣ್ತಾರೆ, ಲಿಂಗತ್ವ ಅಲ್ಪಸಂಖ್ಯಾತರ ಲೆಕ್ಕ ಬೇರೆಯೇ ಇದೆ, ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೂ ಆಯ್ತು. ಆದರೆ ಪ್ಯಾಂಟು ಶರ್ಟು ಹಾಕ್ಕೊಂಡು ಪಂಚಾಯ್ತಿ ಕಟ್ಟೆಮೇಲೆ ಎಲ್ಲರ ಜೊತೆ ಕೂತಿರೋ ಈ ಗಂಡಸು ಯಾರ ಕಣ್ಣಿಗೂ ಬೀಳಲಿಲ್ಲ. ಬೀಳಬಾರದು ಅನ್ನೋದೇ ಅವನ ಆಸೆಯೂ ಆಗಿತ್ತು.

ಆ ಆಸೆಗೆ ಕಾರಣ ಬರೀ ಊರಲ್ಲ, ಕಾನೂನೂ ಹೌದು. 377ನೇ ಕಲಂನ ಕಥೆ ಕೋರ್ಟಿಗೆ ಹೋಗಿದ್ದೇ ಎಚ್‌ಐವಿಯಿಂದ ಅನ್ನೋದು ಬಹಳ ಜನಕ್ಕೆ ನೆನಪಿಲ್ಲ. 2001ರ ಜುಲೈನಲ್ಲಿ ಲಖನೌದಲ್ಲಿ ಗಂಡಸರಿಗೆ ಕಾಂಡೋಮ್ ಹಂಚ್ತಿದ್ದ ಕಾರ್ಯಕರ್ತರನ್ನ ಪೊಲೀಸರು ಹಿಡಿದು ಒಳಗೆ ಹಾಕಿದರು. ಒಂದೂವರೆ ತಿಂಗಳು ಜೈಲು. ಅದೇ ವರ್ಷ ದೆಹಲಿ ಹೈಕೋರ್ಟಿಗೆ ಹೋದ ನಾಜ್ ಫೌಂಡೇಶನ್ ಕೂಡ ಎಚ್‌ಐವಿ ಕೆಲಸ ಮಾಡುವ ಸಂಸ್ಥೆಯೇ. ಆ ಕೇಸಲ್ಲಿ ಕೇಂದ್ರ ಸರ್ಕಾರದ್ದೇ ಎರಡು ನಾಲಿಗೆ. ಗೃಹ ಸಚಿವಾಲಯ ‘377 ಇರಲಿ’ ಅಂದ್ರೆ, ಆರೋಗ್ಯದ ಕಡೆಯಿಂದ ನ್ಯಾಕೋ 2006ರಲ್ಲಿ ‘ಈ ಕಾನೂನಿಂದ ಜನ ಅಡಗಿಕೊಳ್ತಾರೆ, ನಮ್ಮ ಕೆಲಸ ಆಗ್ತಿಲ್ಲ’ ಅಂತ ಪ್ರಮಾಣಪತ್ರ ಕೊಟ್ಟಿತು. 2009ರ ಜುಲೈ 2ಕ್ಕೆ ಹೈಕೋರ್ಟು ಬಿಡುಗಡೆ ಕೊಟ್ಟಿತು, 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು ಅದನ್ನ ಕಿತ್ತುಕೊಂಡಿತು, 2018ರ ಸೆಪ್ಟೆಂಬರ್ 6ಕ್ಕೆ ಸಂವಿಧಾನ ಪೀಠ ಮತ್ತೆ ಕೊಟ್ಟಿತು. ಅದಾದ ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ರಂದು, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಜಾರಿಗೆ ಬಂತು. ಮೊದಲನೆಯದನ್ನ ನಾವು ಚಾನೆಲ್‌ನವರು ಇಡೀ ದಿನ ತೋರಿಸಿದೆವು. ಎರಡನೆಯದು ಕೆಳಗಿನ ಪಟ್ಟಿಯಲ್ಲಿ ಓಡಿತೋ ಇಲ್ಲವೋ.

ಆ ಕಾಯಿದೆಯಲ್ಲಿ ಏನಿದೆ ಅಂತ ತಿಳಿದಿರಬೇಕು. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡೋ ಹಾಗಿಲ್ಲ. ಸೋಂಕಿನ ವಿಷಯ ಹೊರಗೆ ಹೇಳೋ ಹಾಗಿಲ್ಲ. ಆ ಕಾರಣಕ್ಕೆ ಕೆಲಸದಿಂದ ತೆಗೆಯೋದು, ಬಾಡಿಗೆ ಮನೆ ಬಿಡಿಸೋದು, ಆಸ್ಪತ್ರೆಯಲ್ಲಿ ಮುಟ್ಟದೆ ವಾಪಸ್ ಕಳಿಸೋದು ಎಲ್ಲ ಕಾನೂನುಬಾಹಿರ. ದೂರು ಕೇಳೋಕೆ ರಾಜ್ಯದಲ್ಲಿ ಒಂಬುಡ್ಸ್‌ಮನ್ ಇರಬೇಕು. ಒಂದು ವಿನಾಯಿತಿಯೂ ಇದೆ. ಸಂಗಾತಿಗೆ ನಿಜವಾದ ಅಪಾಯ ಇದೆ, ಎಷ್ಟು ಹೇಳಿದರೂ ಈತ ತಿಳಿಸ್ತಿಲ್ಲ ಅನ್ನಿಸಿದರೆ ವೈದ್ಯರು ಅಥವಾ ಸಮಾಲೋಚಕರು ಈತನಿಗೆ ಮೊದಲೇ ಹೇಳಿ, ಆ ಸಂಗಾತಿಗೆ ತಿಳಿಸಬಹುದು. ನನಗೆ ಇದು ಸರಿ ಅನ್ನಿಸುತ್ತೆ. ಹೆಂಡತಿಗೆ ಗೊತ್ತಾಗಬೇಕಾದ್ದು ಸೋಂಕಿನ ವಿಷಯ, ಅದು ಅವಳ ಜೀವದ ಪ್ರಶ್ನೆ. ಆದರೆ ಅದು ಯಾರಿಂದ ಬಂತು, ಗಂಡಸಿಂದಲೋ ಹೆಂಗಸಿಂದಲೋ ಅನ್ನೋದನ್ನ ಹೇಳಿ ಅಂತ ಕಾನೂನು ಯಾರನ್ನೂ ಒತ್ತಾಯಿಸೋದಿಲ್ಲ. ಇದು ಗೊತ್ತಿದ್ದರೆ ಎಷ್ಟೋ ಗಂಡಸರು ಹೆಂಡತಿಯನ್ನ ಪರೀಕ್ಷೆಗೆ ಕರಕೊಂಡು ಬಂದಾರು.

ನಮ್ಮ ವೃತ್ತಿಯ ಪಾಲನ್ನೂ ಹೇಳದೆ ಬಿಡೋ ಹಾಗಿಲ್ಲ. 2011ರಲ್ಲಿ ಹೈದರಾಬಾದಿನ ತೆಲುಗು ಸುದ್ದಿವಾಹಿನಿಯೊಂದು ಡೇಟಿಂಗ್ ತಾಣದಲ್ಲಿದ್ದ ಗಂಡಸರಿಗೆ ಸುಳ್ಳು ಹೇಳಿ ಫೋನು ಮಾಡಿ, ಅವರ ಮಾತು, ಮುಖ ಎಲ್ಲ ಪ್ರಸಾರ ಮಾಡಿತು. ಸುದ್ದಿವಾಹಿನಿಗಳ ಸ್ವಂತ ಮಾನದಂಡ ಪ್ರಾಧಿಕಾರವೇ ಒಂದು ಲಕ್ಷ ದಂಡ ಹಾಕಿ ಕ್ಷಮೆ ಕೇಳಿಸಿತು. ಒಂದು ಲಕ್ಷ! ಅರ್ಧ ನಿಮಿಷದ ಜಾಹೀರಾತುಗಳಲ್ಲಿ ವಾಪಸ್ ಬರೋ ದುಡ್ಡು. ಅದನ್ನ ನೋಡಿ ಎಷ್ಟು ಗಂಡಸರು ಆ ತಿಂಗಳು ಪರೀಕ್ಷೆಗೆ ಹೋಗದೆ ಮನೇಲೇ ಕೂತರು ಅನ್ನೋದಕ್ಕೆ ಟಿಆರ್‌ಪಿ ಪಟ್ಟಿಯಲ್ಲಿ ಕಾಲಂ ಇಲ್ಲ.

ಮೂರನೇ ಕೊರತೆ ದಾರಿಯದ್ದು. ಔಷಧ ಸಿಗೋದು ಎಆರ್‌ಟಿ ಕೇಂದ್ರದಲ್ಲಿ, ಕಲಬುರಗಿಯ ಜಿಲ್ಲಾ ಆಸ್ಪತ್ರೆಯಲ್ಲಿ. ನರೋಣಾದಿಂದ ಹೋಗಿ ಸಾಲಲ್ಲಿ ನಿಂತು ವಾಪಸ್ ಬರೋಕೆ ಒಂದು ದಿನದ ಕೂಲಿ ಹೋಯ್ತು. “ಕಲಬುರ್ಗಿಗಿ ಯಾಕ ಹೊಂಟೀದಿ? ಹೋದ ತಿಂಗಳಾರ ಹೋಗಿದ್ದೆಲ್ಲ?” ಅಂತ ಮನೇಲಿ ಕೇಳ್ತಾರೆ. ಪ್ರತಿ ತಿಂಗಳು ಒಂದು ಹೊಸ ಸುಳ್ಳು. ನೋಂದಣಿಗೆ ಫೋಟೊ, ವಿಳಾಸದ ಪುರಾವೆ ಕೇಳ್ತಾರೆ, ತಪ್ಪಿಸಿಕೊಂಡವರನ್ನ ಹುಡುಕೋಕೆ ಅದು ಬೇಕು. ಆದರೆ ಮನೆಬಾಗಿಲಿಗೆ ಯಾರಾದ್ರೂ ಹುಡುಕಿಕೊಂಡು ಬಂದರೆ ಅನ್ನೋ ಭಯಕ್ಕೇ ತಪ್ಪಿಸಿಕೊಳ್ಳೋರೂ ಇದ್ದಾರೆ. ಗುಳೆ ಹೋದವನಿಗೆ ಇನ್ನೂ ಕಷ್ಟ. ಪುಣೆಯ ಕೇಂದ್ರಕ್ಕೆ ವರ್ಗಾವಣೆ ಮಾಡಿಸಿಕೊಳ್ಳಬಹುದು, ದಾರಿ ಮಧ್ಯೆ ಬೇರೆ ಕೇಂದ್ರದಿಂದ ತಾತ್ಕಾಲಿಕವಾಗಿ ಗುಳಿಗೆ ಪಡೀಬಹುದು. ನಿಯಮದಲ್ಲಿ ಎಲ್ಲ ಇದೆ. ಹಸಿರು ಪುಸ್ತಕ ಜೇಬಲ್ಲಿಟ್ಟುಕೊಂಡು ಹತ್ತು ಜನ ಮಲಗೋ ಶೆಡ್ಡಲ್ಲಿ ಇರೋದು ಹೇಗೆ ಅಂತ ನಿಯಮದಲ್ಲಿ ಇಲ್ಲ. ಗುಳಿಗೆ ಡಬ್ಬಿ ಬಿಸಾಕಿ ವಿಟಮಿನ್ ಗುಳಿಗೆಯ ಡಬ್ಬಿಗೆ ತುಂಬಿಕೊಳ್ಳೋ ಉಪಾಯ ಸಮಾಲೋಚಕರಿಗೆಲ್ಲ ಗೊತ್ತು.

2020ರ ಲಾಕ್‌ಡೌನಿನಲ್ಲಿ ಬಸ್ಸು ನಿಂತಾಗ ಒಂದೇ ಸಲಕ್ಕೆ ಎರಡು ಮೂರು ತಿಂಗಳ ಗುಳಿಗೆ ಕೊಡೋಕೆ ಶುರು ಮಾಡಿದರು. ಆಕಾಶ ಏನೂ ಬೀಳಲಿಲ್ಲ. ವೈರಲ್ ಲೋಡ್ ಸರಿಯಿರುವ ಎಲ್ಲರಿಗೂ ಅದನ್ನೇ ಖಾಯಂ ಮಾಡಿದರೆ, ಗುಳೆ ಸೀಮೆಯವರಿಗೆ ರಾಶಿ ಮುಗಿದು ಹೊರಡೋ ಹೊತ್ತಿಗೆ ಆರು ತಿಂಗಳದ್ದು ಕೊಟ್ಟರೆ, ಇಷ್ಟೊಂದು ಸುಳ್ಳು ಹೇಳೋ ಅಗತ್ಯ ಇರಲ್ಲ. ಪರೀಕ್ಷಾ ಕೇಂದ್ರದ ಬಾಗಿಲಿಗೆ ‘ರಕ್ತ ಪರೀಕ್ಷೆ’ ಅಂತಷ್ಟೇ ಬರೆದರೆ, ಸಕ್ಕರೆ, ಬಿಪಿ, ಎಚ್‌ಐವಿ ಎಲ್ಲ ಒಂದೇ ಬೆಂಚಿನಲ್ಲಿ ನಡೆದರೆ, ಯಾರು ಯಾವುದಕ್ಕೆ ಕೂತಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ? ಸಮಾಲೋಚಕರು ಪ್ರಶ್ನೆಯನ್ನ ಸ್ವಲ್ಪ ತಿರುಗಿಸಿ ಕೇಳಿದರೂ ಸಾಕು. ‘ಹೆಂಗಸರ ಜೊತೆ ಸಂಬಂಧ ಇತ್ತಾ’ ಅಂತಲ್ಲ, ‘ಹೆಂಗಸರ ಜೊತೆನಾ, ಗಂಡಸರ ಜೊತೆನಾ, ಇಬ್ಬರ ಜೊತೆನೂನಾ’ ಅಂತ, ಮುಖ ಗಂಟು ಹಾಕ್ಕೊಳ್ಳದೆ, ಬಂದ ಪ್ರತಿಯೊಬ್ಬ ಗಂಡಸಿಗೂ. ಇದಕ್ಕೆ ಬಜೆಟ್ ಬೇಡ.

ಕೇಳ್ತಿರೋರಲ್ಲಿ ಯಾರಿಗಾದ್ರೂ ಬೇಕಾದೀತು ಅಂತ ಕೆಲವು ಮಾತು. ನಿನ್ನೆ ರಾತ್ರಿ ಅಪಾಯ ಆಯ್ತು ಅನ್ನಿಸಿದರೆ 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ, 28 ದಿನದ ಗುಳಿಗೆಯಿಂದ ಸೋಂಕನ್ನೇ ತಡೀಬಹುದು. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಇವತ್ತು ನೆಗೆಟಿವ್ ಬಂದರೂ ಮೂರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮೂರಿನ ತಾಲೂಕು ಆಸ್ಪತ್ರೆಗೆ ಹೋಗೋಕೆ ಮುಜುಗರ ಆದರೆ ಬೇರೆ ತಾಲೂಕಿಗೆ ಹೋಗಿ, ಜೇವರ್ಗಿಯವರು ಆಳಂದಕ್ಕೆ ಬಂದರೂ ಪರೀಕ್ಷೆ ಮಾಡ್ತಾರೆ, ಯಾಕೆ ಬಂದ್ರಿ ಅಂತ ಕೇಳೋ ಹಾಗಿಲ್ಲ. ಫೋನಿನಲ್ಲಿ ಮಾತಾಡಬೇಕಂದ್ರೆ 1097. ಪುಕ್ಕಟೆ ನಂಬರು, ಕನ್ನಡದಲ್ಲೂ ಮಾತಾಡ್ತಾರೆ. ನಿಮ್ಮ ಹೆಸರು ಹೇಳಬೇಕಾಗಿಲ್ಲ.